ಜಿನೀವಾದಲ್ಲಿ ಅಗಲಿದವು, ನಾಗಪುರದಲ್ಲಿ ನೆರೆಯಾದವು

ಧರಮಪೇಠದಿಂದ ಉತ್ತರಾಭಿಮುಖವಾಗಿ ಹೊರಟು, ಅಮರಾವತಿ ರಸ್ತೆಯನ್ನು ದಾಟಿ, ಫುಟಾಳಾ ಕೆರೆಯನ್ನು ಎಡಕ್ಕೆ ಬಿಟ್ಟು ಸಾಗಿದರೆ, ಊರವರೆಲ್ಲ ಸೆಮಿನರಿ ಹಿಲ್ಸ್ ಎಂದೇ ಕರೆಯುವ ಗುಡ್ಡ ಎದುರಾಗುತ್ತದೆ. ಅಲ್ಲಿ ಕಥೋಲಿಕ ಗುರುಗಳನ್ನು ಸಿದ್ಧಗೊಳಿಸುವ ಸಂತ ಚಾರ್ಲ್ಸರ ಗುರುಮಠವುಂಟು. ಅದೇ ಗುಡ್ಡದ ಮೇಲೆ 1956ರಲ್ಲಿ ಸ್ಥಾಪಿತವಾದ, ಸಂತ ಫ್ರಾನ್ಸಿಸ್ ಡಿ ಸೇಲ್ಸರ ಹೆಸರಿನ ಕಾಲೇಜುಂಟು. ಸದರ್ ಭಾಗದ ಪ್ರಧಾನಾಲಯವೂ 1870ರ ಹಳೆಯ ಶಾಲೆಯೂ ಆತನ ಹೆಸರನ್ನೇ ಹೊತ್ತಿವೆ. ಇನ್ನು ಸಿವಿಲ್ ಲೈನ್ಸಿನ ಕಡೆಗೆ ತಿರುಗಿದರೆ ಸ್ಕಾಟ್ಲೆಂಡಿನ ಪಾದ್ರಿಯೊಬ್ಬನ ಸ್ಮರಣೆಗಾಗಿ 1883ರಲ್ಲಿ ಆರಂಭವಾದ ಹಿಸ್ಲಾಪ್ ಕಾಲೇಜು ನಿಂತಿದೆ. ಉದ್ಯೋಗನಿಮಿತ್ತ ಈ ಊರಿಗೆ ಬಂದು ನೆಲೆಸಿದ ನಮ್ಮ ಕನ್ನಡದ ಮನೆಗಳಲ್ಲಿಯೂ ಈ ಹೆಸರುಗಳು ಮಕ್ಕಳ ಶಾಲೆ ಕಾಲೇಜುಗಳ ಮಾತಿನೊಡನೆ ದಿನನಿತ್ಯ ಕೇಳಿಬರುತ್ತವೆ. ಆದರೆ ಈ ಹೆಸರುಗಳೆಲ್ಲ ಯುರೋಪಿನ ಒಂದೇ ಯುಗದ, ಒಂದೇ ಮಹಾಕಲಹದ ಎರಡು ಪಕ್ಷಗಳಿಂದ ಹೊರಟು ಬಂದವೆಂಬುದನ್ನೂ, ಆ ಕಲಹದ ಕೇಂದ್ರಗಳಲ್ಲೊಂದು ಆಲ್ಪ್ಸ್ ಪರ್ವತಗಳ ಬುಡದಲ್ಲಿರುವ ಜಿನೀವಾ ಎಂಬ ಸಣ್ಣ ನಗರವಾಗಿತ್ತೆಂಬುದನ್ನೂ ನೆನೆಯುವವರು ವಿರಳ.

ಹದಿನಾರನೆಯ ಶತಮಾನದ ಆರಂಭದವರೆಗೆ ಪಶ್ಚಿಮ ಯುರೋಪಿನ ಸಾಮಾನ್ಯ ಕ್ರೈಸ್ತನಿಗೆ ಪರಿಪೂರ್ಣ ಭಕ್ತಿಯೆಂದರೆ ಸನ್ಯಾಸಿಯ ಭಕ್ತಿಯೇ ಆಗಿತ್ತು. ಮಠದೊಳಗೆ ಹಗಲಿರುಳು ನಿಯತ ಕಾಲಗಳಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಹೊರಗಿನ ಒಕ್ಕಲಿಗ, ಕಮ್ಮಾರ, ವರ್ತಕರು ಉಪವಾಸಗಳನ್ನು ಆಚರಿಸಿ, ಸಂತರ ಅವಶೇಷಗಳಿಗೆ ನಮಿಸಿ, ಯಾತ್ರೆ ಮಾಡಿ, ಮೃತರ ಸದ್ಗತಿಗಾಗಿ ಪೂಜೆ ಮಾಡಿಸಿ, ಆ ಮಠಗಳ ಪುಣ್ಯದ ನೆರಳಿನಲ್ಲಿ ಬಾಳುತ್ತಿದ್ದರು. ಹದಿನೈದನೆಯ ಶತಮಾನದಲ್ಲಿ ಥಾಮಸ್ ಆ ಕೆಂಪಿಸನ ‘ಕ್ರಿಸ್ತಾನುಕರಣ’ ಮೊದಲು ಕೈಬರಹದಲ್ಲಿಯೂ ಅನಂತರ ಅಚ್ಚಿನಲ್ಲಿಯೂ ಮನೆಮನೆಯನ್ನು ಹೊಕ್ಕಾಗಲೇ ಅಂತರಂಗದ ಭಕ್ತಿ ಗೃಹಸ್ಥರ ಕಡೆಗೆ ಹೆಜ್ಜೆಯಿಡತೊಡಗಿತ್ತು. 1517ರಲ್ಲಿ ಲೂಥರನು ಎತ್ತಿದ ಪ್ರಶ್ನೆಗಳು ಮಠದ ಆ ಹಿರಿತನವನ್ನೇ ಅಲುಗಿಸಿದವು: ಮನುಷ್ಯನು ದೇವರೆದುರು ನೀತಿವಂತನೆನಿಸುವುದು ತನ್ನ ಪುಣ್ಯಕಾರ್ಯದಿಂದಲ್ಲ, ವಿಶ್ವಾಸದಿಂದಲೇ ಎಂದಾದ ಮೇಲೆ, ಕಾವಿಯುಟ್ಟವನಿಗೂ ನೇಗಿಲು ಹಿಡಿದವನಿಗೂ ಅಂತರವೇನುಳಿಯಿತು?

ಈ ಪ್ರಶ್ನೆಗಳಿಂದ ಹುಟ್ಟಿದ ಸುಧಾರಣಾಪಕ್ಷವನ್ನು ಜಿನೀವಾ 1536ರಲ್ಲಿ ಒಪ್ಪಿಕೊಂಡಿತು. ಅದೇ ವರ್ಷ ಫ್ರಾನ್ಸಿನಿಂದ ಬಂದ ಜಾನ್ ಕ್ಯಾಲ್ವಿನ್, ನಡುವೆ ಮೂರು ವರ್ಷ ಹೊರಗುಳಿದದ್ದನ್ನು ಬಿಟ್ಟರೆ, 1564ರಲ್ಲಿ ತೀರಿಕೊಳ್ಳುವವರೆಗೆ ಆ ನಗರದ ಧರ್ಮಜೀವನಕ್ಕೆ ಅಚ್ಚನ್ನೊತ್ತಿದನು. ಪ್ರತಿಮೆಗಳು ದೇವಾಲಯದಿಂದ ಹೊರಗಾದವು; ವೇದಿಕೆಯ ಸ್ಥಾನವನ್ನು ಉಪದೇಶಪೀಠವು ಹಿಡಿಯಿತು; ಕಣ್ಣಿನ ಭಕ್ತಿಯು ಕಿವಿಯ ಭಕ್ತಿಯಾಯಿತು. ಬೈಬಲಿನ 150 ಕೀರ್ತನೆಗಳನ್ನೂ ಫ್ರೆಂಚ್ ಪದ್ಯಕ್ಕಿಳಿಸಿ, ರಾಗ ಹಚ್ಚಿ, 1562ರಲ್ಲಿ ಪೂರ್ತಿಗೊಳಿಸಿದ ಜಿನೀವಾದ ಕೀರ್ತನಸಂಪುಟವನ್ನು ಸ್ತ್ರೀಪುರುಷರೆನ್ನದೆ ಸಭೆಗೆ ಸಭೆಯೇ ಹಾಡಿತು. ಲತೀನಿನ ಗಾಯನವನ್ನು ದೂರದಿಂದ ಕೇಳುತ್ತಿದ್ದ ಜನ ತಮ್ಮ ನುಡಿಯಲ್ಲಿ ತಾವೇ ಕೊರಳೆತ್ತಿದರೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ಈ ಧರ್ಮದ ಒಡಲಲ್ಲಿ ಉಗ್ರವಾದ ತತ್ತ್ವವೊಂದೂ ಇತ್ತು: ಯಾರು ರಕ್ಷಣೆ ಹೊಂದುವರು, ಯಾರು ಹೊಂದರು ಎಂಬುದನ್ನು ದೇವರು ಅನಾದಿಯಿಂದಲೇ ನಿರ್ಣಯಿಸಿದ್ದಾನೆಂಬ ಪೂರ್ವನಿಯತಿಯ ಸಿದ್ಧಾಂತ. ಅದು ಕೆಲವರಿಗೆ ಅಚಲವಾದ ಧೈರ್ಯವನ್ನೂ ಕೆಲವರಿಗೆ ತೀರದ ತಳಮಳವನ್ನೂ ಕೊಟ್ಟಿತು.

ಕಥೋಲಿಕ ಪಕ್ಷವು ಸುಮ್ಮನೆ ಕುಳಿತಿರಲಿಲ್ಲ. 1545ರಿಂದ 1563ರವರೆಗೆ ಬಿಟ್ಟುಬಿಟ್ಟು ನಡೆದ ಟ್ರೆಂಟಿನ ಮಹಾಸಭೆಯು ಸಿದ್ಧಾಂತಗಳನ್ನು ಖಚಿತಪಡಿಸಿತಲ್ಲದೆ, ಪ್ರತಿಯೊಂದು ಧರ್ಮಪ್ರಾಂತ್ಯವೂ ಭಾವೀ ಗುರುಗಳ ಶಿಕ್ಷಣಕ್ಕಾಗಿ ಗುರುಮಠವನ್ನು ಸ್ಥಾಪಿಸಬೇಕೆಂದು ವಿಧಿಸಿತು. ಈ ವಿಧಿಯನ್ನು ಅಕ್ಷರಶಃ ನಡೆಸಿದವರಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಬೊರೊಮಿಯೊ ಅಗ್ರಗಣ್ಯನು. ಜಗತ್ತಿನಾದ್ಯಂತ ಗುರುಮಠಗಳಿಗೆ ಆತನ ಹೆಸರಿರುವುದು ಅದಕ್ಕಾಗಿಯೇ. ಪಾಪನಿವೇದನೆಗೆ ಮರದ ಗೂಡನ್ನು ಬಳಕೆಗೆ ತಂದವನೂ ಈತನೇ. ಅದಕ್ಕೆ ಮೊದಲು ಪಶ್ಚಾತ್ತಾಪಿಯು ದೇವಾಲಯದ ಬಯಲಲ್ಲೇ ಗುರುವಿನ ಪಕ್ಕದಲ್ಲಿ ಮಂಡಿಯೂರಿ ತನ್ನ ತಪ್ಪುಗಳನ್ನು ಹೇಳಬೇಕಾಗಿತ್ತು. ಬೊರೊಮಿಯೊ ಇಬ್ಬರ ನಡುವೆ ಮರದ ತಡಿಕೆಯನ್ನೂ ಅದರಲ್ಲಿ ಜಾಲರಿಯಿರುವ ಕಿಂಡಿಯನ್ನೂ ಇಡಿಸಿದನು: ಮುಖ ಮರೆಯಾಗಿ ಧ್ವನಿ ಮಾತ್ರ ಉಳಿಯಿತು. ಹೆಂಗಸರ ಮಾನಮರ್ಯಾದೆಯ ರಕ್ಷಣೆ ಅದರ ಮೊದಲ ಉದ್ದೇಶವಾಗಿದ್ದರೂ, ಆ ಕತ್ತಲೆಯ ಗೂಡಿನಲ್ಲಿ ಒಂಟಿಯಾಗಿ ತನ್ನ ಅಂತಃಕರಣವನ್ನು ತಾನೇ ಪರೀಕ್ಷಿಸಿಕೊಳ್ಳುವ ಅಭ್ಯಾಸವು ಯುರೋಪಿನ ಜನಕ್ಕೆ ಆದದ್ದು ಅದರಿಂದ ಬೆಳೆದುಬಂದ ದೊಡ್ಡ ಫಲವೆಂದು ನನ್ನ ಎಣಿಕೆ.

ಇಂಥ ಕಾಲದಲ್ಲಿ, 1567ರ ಆಗಸ್ಟಿನಲ್ಲಿ, ಸವಾಯ್ ದೇಶದ ಕುಲೀನ ಮನೆತನವೊಂದರಲ್ಲಿ ಫ್ರಾನ್ಸಿಸ್ ಡಿ ಸೇಲ್ಸ್ ಹುಟ್ಟಿದನು. ಪ್ಯಾರಿಸಿನಲ್ಲಿ ಜೆಸ್ವಿಟರ ಬಳಿ ಓದುತ್ತಿದ್ದಾಗ, ಇಪ್ಪತ್ತು ತುಂಬುವ ಸುಮಾರಿನಲ್ಲಿ, ಪೂರ್ವನಿಯತಿಯ ವಿಚಾರವು ಅವನನ್ನು ವಾರಗಟ್ಟಲೆ ಹಿಂಡಿತು. ತಾನು ಶಾಪಗ್ರಸ್ತರ ಪಂಕ್ತಿಗೆ ಸೇರಿದವನೆಂಬ ಭಯದಿಂದ ಅನ್ನನಿದ್ರೆಗಳನ್ನು ತೊರೆದು ಕೃಶನಾದ ಆ ತರುಣನು, ಕೊನೆಗೆ ಮಾತೆ ಮರಿಯಳ ಪ್ರತಿಮೆಯೊಂದರ ಮುಂದೆ ಕುಳಿತು, ಪರದಲ್ಲಿ ತನ್ನ ಗತಿಯೇನೇ ಆಗಲಿ, ಇಹದಲ್ಲಿರುವಷ್ಟು ಕಾಲ ದೇವರನ್ನು ಪ್ರೀತಿಸಿಯೇ ತೀರುವೆನೆಂದು ಆತ್ಮಾರ್ಪಣೆ ಮಾಡಿಕೊಂಡ ಕ್ಷಣದಲ್ಲಿ ಆ ಭಯ ಬಿಟ್ಟುಹೋಯಿತು. ಫಲಾಪೇಕ್ಷೆಯನ್ನು ಬಿಟ್ಟ ಪ್ರೀತಿಯೇ ಭಯಕ್ಕೆ ಔಷಧವೆಂಬ ಈ ಅನುಭವವು ಅವನ ಮುಂದಿನ ಬರವಣಿಗೆಗೆಲ್ಲ ಬೇರಾಯಿತು.

ಪಾದುವಾದಲ್ಲಿ ನ್ಯಾಯಶಾಸ್ತ್ರ ಮುಗಿಸಿ, ತಂದೆಯ ಇಚ್ಛೆಯನ್ನು ಮೀರಿ 1593ರಲ್ಲಿ ಗುರುದೀಕ್ಷೆ ಪಡೆದ ಫ್ರಾನ್ಸಿಸನು ಮರುವರ್ಷವೇ ಜಿನೀವಾ ಸರೋವರದ ದಕ್ಷಿಣ ದಡದ ಶಾಬ್ಲೆ ಪ್ರಾಂತಕ್ಕೆ ಹೊರಟನು. ಅಲ್ಲಿನವರು ಸುಮಾರು ಅರುವತ್ತು ವರ್ಷಗಳಿಂದ ಸುಧಾರಣಾಪಕ್ಷದವರು. ರಾತ್ರಿ ಅಲಾಂಜ್ ಕೋಟೆಯಲ್ಲಿ ತಂಗಿ, ಹಗಲು ತೊನೊನ್ ಪಟ್ಟಣಕ್ಕೆ ನಡೆದುಬರುತ್ತಿದ್ದ ಅವನ ಉಪದೇಶಕ್ಕೆ ಜನ ಬರಲೊಲ್ಲರು. ಆಗ ಅವನು ಹೇಳಬೇಕಾದುದನ್ನು ಬಿಡಿಹಾಳೆಗಳಲ್ಲಿ ಬರೆದು, ಪ್ರತಿ ಮಾಡಿಸಿ, ಮನೆಗಳ ಬಾಗಿಲ ಸಂದಿಯಿಂದ ಒಳಗೆ ತೂರಿಸತೊಡಗಿದನು. ಸಭೆಗೆ ಬರಲು ನೆರೆಯವರಿಗೆ ಹೆದರುತ್ತಿದ್ದವರು ಬಾಗಿಲು ಮುಚ್ಚಿ ಹಾಳೆಯನ್ನು ಓದಬಲ್ಲವರಾದರು. 1923ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಅವನನ್ನು ಪತ್ರಕರ್ತರ, ಲೇಖಕರ ಪಾಲಕಸಂತನೆಂದು ಸಾರಿದುದಕ್ಕೆ ಈ ಹಾಳೆಗಳು ಮುಖ್ಯ ಕಾರಣ. ಆದರೆ ಶಾಬ್ಲೆಯ ಮತಾಂತರವೆಲ್ಲ ಈ ಹಾಳೆಗಳಿಂದಲೇ ಆಯಿತೆಂದು ಹೇಳುವುದು ಸತ್ಯವಾಗದು. ಅದರ ಹಿಂದೆ ಸವಾಯ್ ದೊರೆಯ ಅಧಿಕಾರಬಲವೂ ಇತ್ತು. 1597ರಲ್ಲಿ ಫ್ರಾನ್ಸಿಸನು ಜಿನೀವಾವನ್ನು ಹೊಕ್ಕು, ಕ್ಯಾಲ್ವಿನನ ಉತ್ತರಾಧಿಕಾರಿಯೂ ವೃದ್ಧನೂ ಆಗಿದ್ದ ಥಿಯೊಡೋರ್ ಬೆಜಾನೊಡನೆ ಸಂವಾದ ನಡೆಸಿದನು. ಇಬ್ಬರೂ ತಮ್ಮ ತಮ್ಮ ನೆಲೆಯನ್ನು ಬಿಡಲಿಲ್ಲ; ಸೌಜನ್ಯವನ್ನೂ ಬಿಡಲಿಲ್ಲ. 1602ರ ಡಿಸೆಂಬರಿನಲ್ಲಿ ಅವನು ಜಿನೀವಾದ ಧರ್ಮಾಧ್ಯಕ್ಷನಾಗಿ ಅಭಿಷಿಕ್ತನಾದ ದಿನಗಳಲ್ಲೇ ಸವಾಯ್ ಸೈನ್ಯವು ರಾತ್ರಿವೇಳೆ ಏಣಿ ಹಾಕಿ ಜಿನೀವಾದ ಗೋಡೆಯನ್ನೇರಲು ಹೋಗಿ ಸೋತು ಹಿಂದಿರುಗಿತು. ಹೀಗಾಗಿ ಜಿನೀವಾದ ಧರ್ಮಾಧ್ಯಕ್ಷನು ತನ್ನ ಪೀಠದ ನಗರದಲ್ಲಿ ಕಾಲೂರಲಾರದೆ, ಒಂದು ದಿನದ ದಾರಿಯ ಆನ್ಸಿ ಪಟ್ಟಣದಲ್ಲಿಯೇ ಆಯುಷ್ಯ ಕಳೆಯಬೇಕಾಯಿತು.

ಅವನು ಆ ಆನ್ಸಿಯಲ್ಲಿದ್ದಾಗಲೇ ‘ಭಕ್ತಿಜೀವನಪ್ರವೇಶ’ವೆಂದು ನಾವು ಕರೆಯಬಹುದಾದ ಅವನ ಪ್ರಸಿದ್ಧ ಗ್ರಂಥವು 1609ರಲ್ಲಿ ಹೊರಬಂದಿತು. ಶಾರ್ಮ್ವಾಸಿ ಮನೆತನದ ಗೃಹಿಣಿಗೆ ಬರೆದುಕೊಟ್ಟ ಉಪದೇಶದ ಓಲೆಗಳೇ ಅದಕ್ಕೆ ಮೂಲ. ಭಕ್ತಿಯನ್ನು ಸೈನಿಕನ ಪಾಳೆಯದಿಂದ, ಕುಶಲಕರ್ಮಿಯ ಅಂಗಡಿಯಿಂದ, ಅರಸನ ಆಸ್ಥಾನದಿಂದ, ದಂಪತಿಗಳ ಮನೆಯಿಂದ ಹೊರಗಿಡಬೇಕೆನ್ನುವುದು ತಪ್ಪಷ್ಟೇ ಅಲ್ಲ, ಧರ್ಮಕ್ಕೆ ವಿರುದ್ಧವೆಂದೇ ಅದರ ಮೊದಲ ಭಾಗ ಸಾರುತ್ತದೆ. ಗೃಹಸ್ಥನು ಸನ್ಯಾಸಿಯಂತೆ ಧನಸಂಗ್ರಹವನ್ನು ಬಿಟ್ಟರೆ, ಕೆಲಸಗಾರನು ಹಗಲೆಲ್ಲ ದೇವಾಲಯದಲ್ಲಿ ಕುಳಿತರೆ, ಅದು ಭಕ್ತಿಯಲ್ಲ, ಅವ್ಯವಸ್ಥೆ. ಅವರವರ ವೃತ್ತಿಗೂ ಶಕ್ತಿಗೂ ತಕ್ಕಂತೆ ಭಕ್ತಿಯ ರೂಪ ಬೇರೆಯಾಗಬೇಕು. ಕಾಯಕವನ್ನು ಪೂಜೆಯೆಂದೇ ಕಂಡ ಹನ್ನೆರಡನೆಯ ಶತಮಾನದ ಶರಣರ ನಾಡಿನವರಿಗೆ ಈ ಮಾತು ಪರಕೀಯವೆನಿಸದು. ಆದರೂ ಸಾಮ್ಯವನ್ನು ಮಿತಿಮೀರಿ ಎಳೆಯಬಾರದು: ಶರಣರು ಮಧ್ಯವರ್ತಿ ಪುರೋಹಿತನನ್ನೂ ಸ್ಥಾವರವನ್ನೂ ನಿರಾಕರಿಸಿದರು, ಫ್ರಾನ್ಸಿಸನು ಗುರು, ವೇದಿಕೆ, ಪಾಪನಿವೇದನೆ ಯಾವುದನ್ನೂ ಕೈಬಿಡದೆ ಗೃಹಸ್ಥನನ್ನು ಮೇಲಕ್ಕೆತ್ತಲು ನೋಡಿದನು.

ಧ್ಯಾನಕ್ಕೆ ಅವನು ಹೇಳಿದ ಕ್ರಮ ತೀರ ಸರಳ. ಬೆಳಗಿನಲ್ಲಿ, ಒಂದು ತಾಸು ಮೀರದಷ್ಟು ಹೊತ್ತು. ಮೊದಲು ದೇವರ ಸಾನ್ನಿಧ್ಯವನ್ನು ಭಾವಿಸಿಕೊಳ್ಳುವುದು. ಬಳಿಕ ಸೃಷ್ಟಿ, ಮರಣ, ಉಪಕಾರಸ್ಮರಣೆ ಇತ್ಯಾದಿ ವಿಷಯಗಳಲ್ಲೊಂದನ್ನು ಹಿಡಿದು ಬುದ್ಧಿಯಿಂದ ವಿಚಾರಿಸುವುದು. ವಿಚಾರದಿಂದ ಹೃದಯ ಕರಗಿದಾಗ, ಅಷ್ಟಕ್ಕೇ ನಿಲ್ಲದೆ, ಇಂದು ಇಂಥವನೊಡನೆ ಕಟುವಾಗಿ ಮಾತಾಡೆನೆಂಬಂಥ ನಿರ್ದಿಷ್ಟ ಸಂಕಲ್ಪವೊಂದನ್ನು ಮಾಡುವುದು. ಕೊನೆಗೆ, ತೋಟದಲ್ಲಿ ತಿರುಗಾಡಿದವರು ನಾಲ್ಕು ಹೂ ಕಿತ್ತು ಕೈಯಲ್ಲಿ ಹಿಡಿದು ದಿನವೆಲ್ಲ ಮೂಸುವಂತೆ, ಧ್ಯಾನದಲ್ಲಿ ಮನಸ್ಸಿಗೆ ಹಿಡಿದ ಒಂದೆರಡು ವಿಚಾರಗಳನ್ನು ಸಂಜೆಯ ತನಕ ಜೊತೆಗೊಯ್ಯುವುದು. ಹೂಗುಚ್ಛದ ಹೋಲಿಕೆ ಅವನದೇ. ನಿರ್ದಿಷ್ಟ ಸಂಕಲ್ಪದ ಮೇಲೆ ಅವನಿಟ್ಟ ಒತ್ತು ಭಾವಾವೇಶದ ಭಕ್ತಿಗೆ ಕಡಿವಾಣ ಹಾಕುತ್ತದೆ. ಆ ಗ್ರಂಥದ ಮೇಲ್ಮೆ ಇರುವುದು ಅಲ್ಲಿಯೇ.

ಜಿನೀವಾದ ಇನ್ನೊಂದು ಧಾರೆಯು ಉತ್ತರಕ್ಕೆ ಹರಿಯಿತು. 1550ರ ದಶಕದಲ್ಲಿ ಅಲ್ಲಿ ಆಶ್ರಯ ಪಡೆದಿದ್ದ ಜಾನ್ ನಾಕ್ಸ್, ಸ್ವದೇಶಕ್ಕೆ ಮರಳಿ, 1560ರಲ್ಲಿ ಸ್ಕಾಟ್ಲೆಂಡನ್ನು ಸುಧಾರಣಾಪಕ್ಷಕ್ಕೆ ತರುವುದರಲ್ಲಿ ಮುಂದಾಳಾದನು. 1647ರಲ್ಲಿ ರಚಿತವಾದ ವೆಸ್ಟ್‌ಮಿನ್‌ಸ್ಟರ್ ಸಂಕ್ಷೇಪ ಪ್ರಶ್ನೋತ್ತರದ 107 ಪ್ರಶ್ನೆಗಳು ಆ ದೇಶದ ಹಳ್ಳಿಹಳ್ಳಿಯ ಮಕ್ಕಳಿಗೂ ಕಂಠಪಾಠವಾದವು. ಮಾನವಜನ್ಮದ ಪರಮಪ್ರಯೋಜನವೇನೆಂಬುದು ಅದರ ಮೊದಲನೆಯ ಪ್ರಶ್ನೆ. ಅದೇ ವರ್ಷ ಸ್ಕಾಟ್ಲೆಂಡಿನ ಧರ್ಮಸಭೆಯು ಗೃಹಾರಾಧನೆಗೂ ನಿಯಮಗಳನ್ನು ವಿಧಿಸಿತು: ಮನೆಯ ಯಜಮಾನನೇ ಆಳುಮಕ್ಕಳನ್ನೆಲ್ಲ ಕೂಡಿಸಿ ಶಾಸ್ತ್ರ ಓದಬೇಕು, ಕೀರ್ತನೆ ಹಾಡಿಸಬೇಕು, ಪ್ರಾರ್ಥಿಸಬೇಕು, ನಡೆಸದ ಯಜಮಾನನನ್ನು ಸಭೆಯ ಹಿರಿಯರು ವಿಚಾರಿಸಬೇಕು. ಆನ್ಸಿಯ ಧರ್ಮಾಧ್ಯಕ್ಷನು ಮೃದುವಾಗಿ ಹೇಳಿದುದನ್ನು ಎಡಿನ್‌ಬರೋದ ಸಭೆ ಶಾಸನವಾಗಿ ಹೇಳಿತು. ಪರಸ್ಪರರನ್ನು ಪಾಷಂಡಿಗಳೆಂದು ಕರೆದುಕೊಂಡ ಈ ಎರಡು ಪಕ್ಷಗಳೂ ಒಂದೇ ಶತಮಾನದಲ್ಲಿ ಒಂದೇ ಕಾರ್ಯವನ್ನು ಮಾಡಿದವು. ಅಡುಗೆಮನೆ, ಅಂಗಡಿ, ಪಾಳೆಯಗಳನ್ನು ಸಾಧನೆಯ ಕ್ಷೇತ್ರವೆಂದು ಒಪ್ಪಿಕೊಂಡವು.

ನಾಗಪುರವು ಈ ಎರಡನ್ನೂ ಹೆಚ್ಚುಕಡಿಮೆ ಒಟ್ಟಿಗೇ ಬರಮಾಡಿಕೊಂಡಿತು. 1843ರಲ್ಲಿ ಸ್ಕಾಟ್ಲೆಂಡಿನ ರಾಜಾಶ್ರಿತ ಸಭೆಯಿಂದ ಸಿಡಿದು ಬಂದ ಸ್ವತಂತ್ರ ಸಭೆಯ ಪಾದ್ರಿ ಸ್ಟೀಫನ್ ಹಿಸ್ಲಾಪ್ 1845ರಲ್ಲಿ ಇಲ್ಲಿಗೆ ಬಂದಾಗ ಮೂರನೆಯ ರಘೂಜಿ ಭೋಸಲೆ ಇನ್ನೂ ಆಳುತ್ತಿದ್ದನು. ಮರುವರ್ಷ, ಪೀಟರ್ ಮೆರ್ಮಿಯೆ 1838ರಲ್ಲಿ ಆನ್ಸಿಯಲ್ಲಿ ಸಂತ ಫ್ರಾನ್ಸಿಸರ ಹೆಸರಿನಲ್ಲಿ ಕಟ್ಟಿದ್ದ ಸಂಘದ ಗುರುಗಳು ವಿಶಾಖಪಟ್ಟಣಕ್ಕೆ ಬಂದಿಳಿದರು. ಅವರ ಪಾಲಿಗೆ ಬಂದ ಸುವಿಸ್ತಾರ ಪ್ರದೇಶದಲ್ಲಿ ನಾಗಪುರವೂ 1821ರಲ್ಲಿ ನೆಲೆಯಾದ ಕಾಮಠಿಯ ದಂಡುಪ್ರದೇಶವೂ ಸೇರಿದ್ದವು. ಕಾಮಠಿಯ ಮದರಾಸು ಪಡೆಯೊಡನೆ ಬಂದ ಕುಟುಂಬಗಳಲ್ಲಿಯೂ ಐರಿಷ್ ಸಿಪಾಯಿಗಳಲ್ಲಿಯೂ ಕಥೋಲಿಕರಿದ್ದರು. ಸೈನಿಕನ ಪಾಳೆಯದಿಂದ ಭಕ್ತಿಯನ್ನು ಹೊರಗಿಡಬಾರದೆಂದು ಬರೆದವನ ಶಿಷ್ಯಪರಂಪರೆಗೆ ಇಲ್ಲಿ ಪಾಳೆಯವೇ ಮೊದಲ ಕ್ಷೇತ್ರಗಳಲ್ಲೊಂದಾಯಿತು. 1887ರಲ್ಲಿ ನಾಗಪುರ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, 1953ರಲ್ಲಿ ಮಹಾಧರ್ಮಪ್ರಾಂತ್ಯ. ಹಿಸ್ಲಾಪನ ಕಡೆಗೆ ನೋಡಿದರೆ, ಶಾಲೆ ನಡೆಸಿ, ಗೊಂಡರ ಹಾಡುಗಳನ್ನು ಬರೆದಿಟ್ಟುಕೊಂಡು, ಈ ನೆಲದ ಕಲ್ಲುಗಳಲ್ಲಿ ಅಡಗಿದ್ದ ಜೀವಾವಶೇಷಗಳನ್ನು ಹುಡುಕಿದ ಆ ಮನುಷ್ಯನಿಗೆ ಸೃಷ್ಟಿಪರಿಶೀಲನೆಯೂ ದೈವಾರಾಧನೆಯ ಅಂಗವೇ ಆಗಿತ್ತು. 1863ರ ಸೆಪ್ಟೆಂಬರಿನಲ್ಲಿ ಟಾಕಳಘಾಟದ ಪ್ರಾಚೀನ ಶಿಲಾವರ್ತುಲಗಳನ್ನು ನೋಡಿ ಮರಳುವಾಗ ಉಕ್ಕಿದ ಹೊಳೆಯಲ್ಲಿ ಮುಳುಗಿ ಅವನು ತೀರಿಕೊಂಡನು.

ನಮ್ಮ ಕರ್ನಾಟಕದ ಕಡೆಗೆ ಬಂದ ಪ್ರವಾಹಗಳೂ ಈ ಯುಗದವೇ. ದೇವಪ್ರೇಮವನ್ನು ಕುರಿತ ಫ್ರಾನ್ಸಿಸನ ಮಹಾಪ್ರಬಂಧ ಅಚ್ಚಾದುದು 1616ರಲ್ಲಿ. ಜೆಸ್ವಿಟ್ ಥಾಮಸ್ ಸ್ಟೀಫನ್ಸನು ಮರಾಠಿ ಓವಿಗಳಲ್ಲಿ ಬರೆದ ಕ್ರಿಸ್ತಪುರಾಣ ಗೋವೆಯ ರಾಚೋಲಿನಲ್ಲಿ ಅಚ್ಚಾದುದೂ ಅದೇ ವರ್ಷ. ಆ ಪುರಾಣ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ತಲೆಮಾರುಗಳ ತನಕ ಉಳಿದು, 1907ರಲ್ಲಿ ಮಂಗಳೂರಿನಿಂದ ಮತ್ತೆ ಪ್ರಕಟವಾಯಿತು. 1834ರಲ್ಲಿ ಮಂಗಳೂರಿಗೂ ಬಳಿಕ ಧಾರವಾಡ ಹುಬ್ಬಳ್ಳಿಗಳಿಗೂ ಬಂದ ಬಾಸೆಲ್ ಮಿಷನ್ನಿನ ಹಿಂದೆ ಇದ್ದುದು, 1675ರಲ್ಲಿ ಸ್ಪೇನರ್ ಎಂಬ ಪಾದ್ರಿಯು ಮನೆಗಳಲ್ಲಿ ಸಣ್ಣ ಗುಂಪುಗಳಾಗಿ ಕೂಡಿ ಶಾಸ್ತ್ರಪಠನ ಮಾಡಿರೆಂದು ಕರೆಕೊಟ್ಟಾಗ ಜರ್ಮನಿಯಲ್ಲಿ ಬೇರುಬಿಟ್ಟ ಭಕ್ತಿಪಂಥ. ಮೋಗ್ಲಿಂಗ್, ಕಿಟ್ಟೆಲರನ್ನು ನಾವು ಪತ್ರಿಕೆಗೂ ನಿಘಂಟಿಗೂ ಸ್ಮರಿಸುತ್ತೇವೆ. ಅವರನ್ನು ಹಡಗು ಹತ್ತಿಸಿದ ಭಕ್ತಿಯನ್ನು ಕುರಿತು ಕನ್ನಡದಲ್ಲಿ ನಡೆದ ವಿಚಾರ ಸಾಲದು.

ಈ ಬಗೆಯ ಇತಿಹಾಸವು ಮಹಾಸಭೆಗಳ ನಿರ್ಣಯಗಳಲ್ಲಿ ದೊರೆಯುವುದಕ್ಕಿಂತ ಹೆಚ್ಚಾಗಿ, ಹಾಳೆಯ ಅಂಚು ಬೆರಳಿನಿಂದ ಕಪ್ಪಾದ ಜಪದ ಪುಸ್ತಕಗಳಲ್ಲಿ, ಮಕ್ಕಳು ಹರಿದ ಪ್ರಶ್ನೋತ್ತರಗಳಲ್ಲಿ, ಅಜ್ಜಿಯರು ಕೈಯಿಂದ ನಕಲು ಮಾಡಿಕೊಂಡ ಕೀರ್ತನೆಗಳಲ್ಲಿ ದೊರೆಯುತ್ತದೆ. ನಾಗಪುರ, ಕಾಮಠಿ, ಧಾರವಾಡ, ಮಂಗಳೂರುಗಳ ಕ್ರೈಸ್ತ ಮನೆಗಳಲ್ಲಿ ಅಂಥವು ಪೆಟ್ಟಿಗೆಯ ತಳದಲ್ಲಿದ್ದರೆ, ವಾಚಕರು ಅವನ್ನು ರದ್ದಿಗೆ ಹಾಕದೆ, ಯಾರು ಯಾವಾಗ ಬಳಸಿದ್ದೆಂಬ ಎರಡು ಸಾಲನ್ನು ಜೊತೆಗೆ ಬರೆದಿಟ್ಟು, ಸಮೀಪದ ಗ್ರಂಥಾಲಯಕ್ಕೋ ಕಾಲೇಜಿಗೋ ಒಪ್ಪಿಸಬೇಕೆಂದು ನನ್ನ ವಿನಂತಿ.