ರೀತಿ-ರಿವಾಜು: ಅರ್ಥ ಮತ್ತು ಬಳಕೆ

ಮದುವೆ, ಹಬ್ಬ, ಮರಣ, ಹೀಗೆ ಯಾವ ಸಂದರ್ಭವೇ ಇರಲಿ, ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ‘ರೀತಿ-ರಿವಾಜು’. ಕನ್ನಡದಲ್ಲೂ ಕೊಂಕಣಿಯಲ್ಲೂ ಬಳಕೆಯಲ್ಲಿರುವ ಈ ಜೋಡುನುಡಿಯ ಅರ್ಥವನ್ನು ಇಲ್ಲಿ ತಿಳಿದುಕೊಳ್ಳೋಣ.

‘ರೀತಿ’ ಸಂಸ್ಕೃತದ ಪದ. ಹರಿಯುವುದು, ಸಾಗುವುದು ಎಂಬುದು ಅದರ ಮೂಲ ಅರ್ಥ. ‘ರಿವಾಜು’ ಅರಬ್ಬಿ ಮೂಲದಿಂದ ಹಿಂದೂಸ್ತಾನಿಯ ಮೂಲಕ ಬಂದದ್ದು. ಚಲಾವಣೆಯಲ್ಲಿ ಇರುವುದು ಎಂದು ಅದರ ಅರ್ಥ. ‘ಕಾಗದ-ಪತ್ರ’ದಂತೆ ಇಲ್ಲಿಯೂ ಎರಡು ಭಾಷೆಗಳ ಪದಗಳು ಒಂದಾಗಿವೆ. ಹಿರಿಯರಿಂದ ಹರಿದು ಬಂದು ಇಂದಿಗೂ ಚಲಾವಣೆಯಲ್ಲಿರುವ ನಡವಳಿಕೆಯೇ ರೀತಿ-ರಿವಾಜು. ಆಚರಣೆ ನಿಂತುಹೋದರೆ ಅದು ಹಳೆಯ ನೆನಪು, ರಿವಾಜಲ್ಲ. ‘ನಮ್ಮಲ್ಲಿ ಆ ರಿವಾಜಿಲ್ಲ’ ಎಂದು ಹೇಳುವುದೂ ಈ ಅರ್ಥದಲ್ಲೇ.

ಊರಿಂದ ಊರಿಗೆ ರಿವಾಜು ಬೇರೆಯಾಗುತ್ತದೆ. ಪಕ್ಷಿಧಾಮಕ್ಕೆ ಹೆಸರಾದ ಗುಡವಿ ಸೊರಬ ತಾಲೂಕಿನಲ್ಲಿದೆ. ಈ ಸೀಮೆಯ ರೈತರು ಆಶ್ವೀಜ ಮಾಸದಲ್ಲಿ ಭೂಮಿ ಹುಣ್ಣಿಮೆಯನ್ನು ಆಚರಿಸುತ್ತಾರೆ. ಹೊಡೆ ತುಂಬಿದ ಭತ್ತದ ಪೈರನ್ನು ಬಸುರಿ ಎಂದು ಭಾವಿಸಿ ಬಯಕೆ ತೀರಿಸುವ ಹಬ್ಬವಿದು. ದೀವರ ಮನೆಗಳ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಬಿಳಿ ಗೆರೆಗಳ ಚಿತ್ತಾರ ಬರೆಯುತ್ತಾರೆ. ಆ ಬುಟ್ಟಿಯಲ್ಲಿ ಅಡುಗೆಯನ್ನು ಗದ್ದೆಗೆ ಒಯ್ದು, ಭೂಮಿಗೆ ಎಡೆಯಿಟ್ಟು, ಮನೆಮಂದಿ ಅಲ್ಲೇ ಉಣ್ಣುತ್ತಾರೆ. ಕರಾವಳಿಯ ನಾವು ಸೆಪ್ಟೆಂಬರ್ 8ರಂದು, ಕನ್ಯಾ ಮರಿಯಮ್ಮನವರ ಜನನದ ಹಬ್ಬದಲ್ಲಿ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುತ್ತೇವೆ. ನಂಬಿಕೆ ಬೇರೆ, ರಿವಾಜು ಬೇರೆ; ಆದರೆ ಅನ್ನ ಕೊಡುವ ಬೆಳೆಯ ಮುಂದೆ ಕೃತಜ್ಞತೆಯಿಂದ ತಲೆಬಾಗುವುದು ಎರಡೂ ಕಡೆ ಇದೆ.

ರೀತಿ-ರಿವಾಜಿನ ಬಗ್ಗೆ ಧರ್ಮಸಭೆಯ ನಿಲುವೂ ಸ್ಪಷ್ಟವಾಗಿದೆ. ಮದುವೆಗೆ ಸಂಬಂಧಿಸಿದ ಸ್ಥಳೀಯ ಒಳ್ಳೆಯ ಪದ್ಧತಿಗಳನ್ನು ಉಳಿಸಿಕೊಳ್ಳಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನೆಯ ಸಂವಿಧಾನದಲ್ಲಿ ಬಯಸಿತು. ಪ್ರೇಷಿತರಿಂದ ಬಂದ ಪರಂಪರೆಯೇ ಬೇರೆ, ಕಾಲ-ದೇಶಕ್ಕೆ ತಕ್ಕಂತೆ ಬೆಳೆದ ಸಂಪ್ರದಾಯಗಳೇ ಬೇರೆ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ತಿಳಿಸುತ್ತದೆ. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ‘ರೋಸ್’ ಚೆಂದದ ರಿವಾಜು. ಆದರೆ ಅದು ಸಂಸ್ಕಾರವಲ್ಲ. ರೋಸ್ ಇಲ್ಲದ ಮದುವೆಯೂ ಪೂರ್ಣ ಮದುವೆಯೇ.

ಈ ವ್ಯತ್ಯಾಸ ಮರೆತಾಗ ಬಡ ಮನೆಗಳಿಗೆ ತೊಂದರೆಯಾಗುತ್ತದೆ. ‘ರೀತಿ-ರಿವಾಜು ಬಿಡುವ ಹಾಗಿಲ್ಲ’ ಎಂಬ ಮಾತಿಗೆ ಕಟ್ಟುಬಿದ್ದು ಸಾಲ ಮಾಡಿ ಔತಣ ಕೊಡುವವರಿದ್ದಾರೆ. ವರದಕ್ಷಿಣೆಯನ್ನೂ ಇದೇ ಹೆಸರಿನಲ್ಲಿ ಕೇಳುವುದುಂಟು. 1961ರ ಕಾಯಿದೆಯಂತೆ ಅದು ಅಪರಾಧ. ರಿವಾಜು ಎಂದಾಕ್ಷಣ ಅದು ನ್ಯಾಯವಾಗುವುದಿಲ್ಲ.

ಆದ್ದರಿಂದ ವಾಳೆಯ ಗುರಿಕಾರರು ಮತ್ತು ಮನೆಯ ಹಿರಿಯರು ಈ ಮಾತನ್ನು ಆಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಇದು ವಿಶ್ವಾಸದ ವಿಷಯವೋ, ರೂಢಿಯೋ? ರೂಢಿಯಾದರೆ, ಇದರಿಂದ ಆ ಮನೆಗೆ ಸಂತೋಷವೋ, ಹೊರೆಯೋ? ಸಂತೋಷ ತರುವ ರಿವಾಜನ್ನು ಮಕ್ಕಳಿಗೆ ಕಲಿಸೋಣ. ಹೊರೆಯಾದದ್ದನ್ನು ಚಲಾವಣೆಯಿಂದ ತೆಗೆಯುವ ಅಧಿಕಾರವೂ ಅದನ್ನು ನಡೆಸುವ ನಮಗೇ ಇದೆ.