ಸ್ಟೇರಿಂಗ್ ಹಗುರಾಗುವ ಹೊತ್ತು

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ತಿರುವುಗಳಲ್ಲಿ ಮಳೆಗಾಲದಲ್ಲಿ ಕಾರು ಓಡಿಸಿದವರಿಗೆ ಒಂದು ಅನುಭವ ಖಂಡಿತ ಆಗಿರುತ್ತದೆ. ತಿರುವಿನ ನಡುವೆ ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಹಗುರಾಗುತ್ತದೆ. ಗಾಡಿ ಇನ್ನೂ ಗೆರೆ ಬಿಟ್ಟಿಲ್ಲ, ಕಣ್ಣಿಗೆ ಏನೂ ಕಂಡಿಲ್ಲ, ಆದರೆ ಮುಂದಿನ ಚಕ್ರಗಳ ಹಿಡಿತ ಸಡಿಲುತ್ತಿದೆ ಎಂಬ ಸುದ್ದಿ ಅಂಗೈಗೆ ಮುಟ್ಟಿಯಾಗಿದೆ. ಹಿಂದಿನ ಚಕ್ರ ಕೊಳೆತ ಎಲೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದರೆ ಅದು ಗೊತ್ತಾಗುವುದು ಕೈಗಲ್ಲ, ಸೊಂಟಕ್ಕೆ. ನಮ್ಮ ಕಡೆಯ ಹಳೇ ಜೀಪು ಚಾಲಕರು ಒಂದು ಗಾಡಿಯನ್ನು ಹೊಗಳುವಾಗ ‘ಕೈಗೆ ಸಿಗ್ತದೆ’ ಎನ್ನುತ್ತಾರೆ. ಅದರ ವೇಗವನ್ನಾಗಲಿ ಮೈಲೇಜನ್ನಾಗಲಿ ಕುರಿತ ಮಾತಲ್ಲ ಅದು. ಗಾಡಿ ತನಗೇನಾಗುತ್ತಿದೆ ಎಂಬುದನ್ನು ಚಾಲಕನಿಗೆ ತಿಳಿಸುತ್ತದೆ ಎಂದು ಅರ್ಥ.

ತೀರ್ಥಹಳ್ಳಿಯ ನಮ್ಮ ಅಕ್ಕನ ಮನೆಯಲ್ಲಿ, ಊಟದ ಮೇಜಿನ ಅಂಚಿಗೆ ಸ್ಕ್ರೂ ಹಾಕಿ ಬಿಗಿದ ಒಂದು ಆಟದ ಸ್ಟೇರಿಂಗ್ ಇದೆ. ಅವಳ ಮಗನದು. ಅದರ ಮುಂದೆ ಮೊದಲ ಸಲ ಕೂತಾಗ ನನಗೆ ಹುಟ್ಟಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ: ಈ ಯಂತ್ರ ‘ಕೈಗೆ ಸಿಗುತ್ತದೆಯೇ’? ನಲವತ್ತು ವರ್ಷಗಳಿಂದ ರೇಸಿಂಗ್ ಸಿಮ್ಯುಲೇಟರ್ ಮಾಡುವವರು ಬೆನ್ನು ಹತ್ತಿರುವುದೂ ಇದನ್ನೇ.

1982ರ ‘ಪೋಲ್ ಪೊಸಿಷನ್’ ಆಟದಲ್ಲಿ ಸ್ಟೇರಿಂಗ್ ಇತ್ತು, ಆದರೆ ಅದು ಬರೀ ಹೇಳಿಸಿಕೊಳ್ಳುತ್ತಿತ್ತು, ತಿರುಗಿ ಏನೂ ಹೇಳುತ್ತಿರಲಿಲ್ಲ. 1989ರಲ್ಲಿ ಅಟಾರಿ ಕಂಪನಿಯ ‘ಹಾರ್ಡ್ ಡ್ರೈವಿನ್’ ಸ್ಟೇರಿಂಗಿಗೆ ಮೋಟಾರು ಕೂರಿಸಿ ಕೈಗೆ ಎದುರೊತ್ತು ಕೊಟ್ಟಿತು, ಕ್ಲಚ್ಚನ್ನೂ ಕೊಟ್ಟಿತು. ಅದೇ ವರ್ಷ ಪಪೈರಸ್ ಎಂಬ ಸಣ್ಣ ಕಂಪನಿಯ ‘ಇಂಡಿಯಾನಾಪೊಲಿಸ್ 500’ ಮನೆಯ ಕಂಪ್ಯೂಟರಿಗೆ ಬಂತು. ಅದರಲ್ಲಿ ಟೈರು, ಸ್ಪ್ರಿಂಗು, ರೆಕ್ಕೆಗಳ ಹೊಂದಾಣಿಕೆ ಬದಲಿಸಿದರೆ ಕಾರಿನ ನಡತೆಯೇ ಬದಲಾಗುತ್ತಿತ್ತು. 1997ರ ‘ಗ್ರಾನ್ ಟುರಿಸ್ಮೊ’ ಈ ರುಚಿಯನ್ನು ಲಕ್ಷಾಂತರ ಮನೆಗಳಿಗೆ ಹಂಚಿತು. ಮರುವರ್ಷ ಪಪೈರಸ್‌ನವರೇ ತಂದ ‘ಗ್ರ್ಯಾಂಡ್ ಪ್ರಿ ಲೆಜೆಂಡ್ಸ್’ನಲ್ಲಿ ಇದ್ದವು 1967ರ ರೆಕ್ಕೆಯಿಲ್ಲದ ಕಾರುಗಳು. ಕೊಂಡವರಲ್ಲಿ ಬಹಳ ಮಂದಿ ಮೊದಲ ತಿರುವನ್ನೂ ದಾಟಲಾರದೆ ಗಿರಗಿರನೆ ಸುತ್ತಿ ನಿಂತರು. ನನ್ನ ಲೆಕ್ಕದಲ್ಲಿ ಈ ಕ್ಷೇತ್ರ ನಿಜವಾಗಿ ಹುಟ್ಟಿದ್ದು ಅಲ್ಲಿ. ಕಾರು ನೆಲದ ಮೇಲೆ ನಿಂತಿರುವುದು ನಾಲ್ಕು ಟೈರುಗಳ ಮೇಲೆ, ಬ್ರೇಕು ಒತ್ತಿದರೆ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಟೈರು ಬಡವಾಗುತ್ತದೆ ಎಂಬುದನ್ನು ಆಟಗಾರ ಸೋತು ಸೋತು ಕಲಿಯಬೇಕಾಯಿತು.

ಇಡೀ ಕಥೆಯ ತಿರುಳಿರುವುದು ಟೈರಿನಲ್ಲೇ, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. ಕಾರಿನ ಒಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ತಿರುವಿನಲ್ಲಿ ಆ ಅಂಗೈಯಗಲದ ರಬ್ಬರು ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಬರುತ್ತ ಬರುತ್ತ ಹೆಚ್ಚು ಓರೆಯಾಗುತ್ತದೆ. ಹೀಗಾಗಿ ಪಕ್ಕದ ಬಲ ನಟ್ಟನಡುವೆ ಕೂರದೆ ತುಸು ಹಿಂದಕ್ಕೆ ಕೂರುತ್ತದೆ. ಸ್ಟೇರಿಂಗನ್ನು ನೇರ ಮಾಡಲು ಎಳೆಯುವ ಬಲದಲ್ಲಿ ದೊಡ್ಡ ಪಾಲು ಇದರದ್ದೇ. ಹಿಂದಿನ ಅಂಚಿನ ರಬ್ಬರು ಜಾರಲು ತೊಡಗಿತೋ, ಆ ಎಳೆತ ಕುಗ್ಗುತ್ತದೆ. ಟೈರಿನ ಒಟ್ಟು ಹಿಡಿತ ಮುಗಿಯುವುದಕ್ಕೆ ಮುಂಚೆಯೇ ಕುಗ್ಗುತ್ತದೆ. ಆಗುಂಬೆಯ ತಿರುವಿನಲ್ಲಿ ಸ್ಟೇರಿಂಗ್ ಹಗುರಾದದ್ದು ಇದಕ್ಕೇ.

ಇದನ್ನು ಅಳೆದು ನಕ್ಷೆ ಬರೆದವರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ಎಂಜಿನಿಯರ್ ಎರಿಕ್ ಗಫ್ ಪ್ರಮುಖರು. ಟೈರು ಪರೀಕ್ಷೆಗೆಂದು ಅವರು 1950ರ ದಶಕದಲ್ಲಿ ಆರು ಚಾಚುಗಾಲುಗಳ ಮೇಲೆ ಎತ್ತ ಬೇಕಾದರೂ ವಾಲುವ ಒಂದು ಪೀಠ ಕಟ್ಟಿದರು. ಮುಂದೆ ವಿಮಾನ ಚಾಲಕರ ತರಬೇತಿಯ ಪೀಠಗಳು ಅದೇ ಮಾದರಿಯವಾದವು. 1985ರಲ್ಲಿ ಡೈಮ್ಲರ್ ಬೆಂಜ್ ಬರ್ಲಿನ್‌ನಲ್ಲಿ ತೆರೆದ ದೊಡ್ಡ ಡ್ರೈವಿಂಗ್ ಸಿಮ್ಯುಲೇಟರ್ ಕೂಡ ಆರು ಕಾಲಿನ ಪೀಠದ ಮೇಲೇ ನಿಂತಿತು. ಟೈರಿಗಾಗಿ ಹುಟ್ಟಿದ ಯಂತ್ರ ಒಂದು ಸುತ್ತು ಹೊಡೆದು ಕಾರಿಗೇ ಮರಳಿ ಬಂದ ಬಗೆ ಇದು. 1980ರ ದಶಕದ ಕೊನೆಗೆ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹಾನ್ಸ್ ಪಸೆಯ್ಕಾ ಮತ್ತು ಸಂಗಡಿಗರು ಟೈರಿನ ವರ್ತನೆಯನ್ನು ಒಂದು ಸೂತ್ರಕ್ಕೆ ಇಳಿಸಿದರು. ಎಷ್ಟೋ ಸಿಮ್ಯುಲೇಟರ್‌ಗಳು ಆ ಸೂತ್ರದ ಮೇಲೆಯೇ ನಡೆದಿವೆ.

ಸೂತ್ರ ಸಿಕ್ಕಿದರೂ ಅದನ್ನು ಅಂಗೈಗೆ ದಾಟಿಸುವ ಸಾಧನ ಬಡವಾಗಿಯೇ ಇತ್ತು. 2006ರಲ್ಲಿ ಬಂದ ಲಾಜಿಟೆಕ್‌ನ ಜಿ25 ಸ್ಟೇರಿಂಗ್ 900 ಡಿಗ್ರಿ ತಿರುಗುತ್ತಿತ್ತು, ಅಂದರೆ ಎರಡೂವರೆ ಸುತ್ತು, ನಮ್ಮ ಕಾರುಗಳಿಗೆ ಹತ್ತಿರ. ಆದರೆ ಅದರ ಮೋಟಾರಿನ ಬಲ ಹಲ್ಲುಚಕ್ರ ದಾಟಿ ಬರಬೇಕು. ಕಟಕಟ ಸದ್ದಿನಲ್ಲಿ ನವುರಾದ ಸುದ್ದಿಯೆಲ್ಲ ಸೋರಿಹೋಗುತ್ತಿತ್ತು. ಮೋಟಾರಿನ ದಂಡಕ್ಕೇ ಸ್ಟೇರಿಂಗ್ ಕೂರಿಸುವ ‘ಡೈರೆಕ್ಟ್ ಡ್ರೈವ್’ ಹತ್ತು ವರ್ಷ ಹಿಂದೆ ಬಹಳ ದುಬಾರಿಯಾಗಿತ್ತು. 2021ರ ನಂತರ ಸಣ್ಣವು ಬಂದವು. ಅಕ್ಕನ ಮಗನದು ಅಂಥದ್ದೊಂದು. ಅದರಲ್ಲಿ ಮುಂದಿನ ಟೈರು ಸೋಲುವುದು ಸ್ಪಷ್ಟವಾಗಿ ತಿಳಿಯುತ್ತದೆ. ಹಿಂಭಾಗ ಜಾರಿದರೆ ಸ್ಟೇರಿಂಗ್ ತಾನಾಗಿ ಜಾರಿದ ಕಡೆಗೆ ತಿರುಗಲು ನೋಡುತ್ತದೆ, ನಿಜವಾದ ಕಾರಿನ ಹಾಗೆಯೇ.

ಇನ್ನೊಂದು ಮಾತನ್ನೂ ಹೇಳಬೇಕು. ಈಗಿನ ಕಾರುಗಳ ವಿದ್ಯುತ್ ಪವರ್ ಸ್ಟೇರಿಂಗ್ ಬೆರಳಲ್ಲಿ ತಿರುಗುತ್ತದೆ, ಆದರೆ ನೆಲದ ಮಾತನ್ನು ಅರ್ಧಕ್ಕರ್ಧ ನುಂಗುತ್ತದೆ. ಪವರ್ ಇಲ್ಲದ ಹಳೇ ಜೀಪಿನಲ್ಲಿ ಹೊಂಡದ ಒಂದೊಂದು ಕಲ್ಲೂ ಮೊಣಕೈವರೆಗೆ ಬರುತ್ತಿತ್ತು. ಮುಂದಿನ ಟೈರಿನ ವಿಷಯದಲ್ಲಿ ಆ ಮೇಜಿನ ಮೇಲಿನ ಸ್ಟೇರಿಂಗ್ ನನ್ನ ಸ್ವಂತ ಕಾರಿಗಿಂತ ಹೆಚ್ಚು ಹೇಳುತ್ತದೆ ಎಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು.

ಬ್ರೇಕಿನದು ಬೇರೆ ಕಥೆ. ಅಗ್ಗದ ಪೆಡಲು ಎಷ್ಟು ದೂರ ಒತ್ತಿದಿರಿ ಎಂದು ನೋಡುತ್ತದೆ. ನಮ್ಮ ಕಾಲಿಗೆ ನೆನಪಿರುವುದು ಎಷ್ಟು ಬಲದಿಂದ ಒತ್ತಿದೆವು ಎಂಬುದು. ಬಲ ಅಳೆಯುವ ಲೋಡ್‌ಸೆಲ್ ಪೆಡಲು ಬಂದ ಮೇಲೆ ಆ ಕೊರತೆ ಬಹುಪಾಲು ನೀಗಿತು.

ನೀಗದೆ ಉಳಿದದ್ದು ಸೊಂಟದ ಸುದ್ದಿ. ಬೆಂಜ್‌ನಂಥ ಪೀಠಗಳು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಭೂಮಿಯ ಸೆಳೆತವನ್ನೇ ಬಳಸಿ, ವೇಗ ಹೆಚ್ಚಿದಂತೆ ಬೆನ್ನಿಗೆ ನಂಬಿಸುತ್ತವೆ; ಮೆಲ್ಲಗೆ, ಒಳಗಿವಿಗೆ ಗೊತ್ತಾಗದ ಹಾಗೆ ಮತ್ತೆ ಮೊದಲಿನ ಸ್ಥಿತಿಗೆ ತರುತ್ತವೆ. ಆದರೆ ಘಾಟಿಯ ಒಂದು ಪೂರ್ತಿ ತಿರುವಿನ ಎಳೆತವನ್ನು ಉದ್ದಕ್ಕೂ ಕೊಡಲು ಕೋಣೆಯೊಳಗೆ ಜಾಗ ಸಾಲದು. ಮನೆಯಲ್ಲಂತೂ ಕುರ್ಚಿ ಅಲುಗುವುದೇ ಇಲ್ಲ. ಹಿಂಭಾಗ ಜಾರಿದ್ದನ್ನು ಕಣ್ಣು ಪರದೆಯಲ್ಲಿ ಕಂಡು ಹಿಡಿಯಬೇಕು. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಪಳಗಿದ ಚಾಲಕರೂ ಸಿಮ್ಯುಲೇಟರಿನಲ್ಲಿ ಮೊದಮೊದಲು ಸುತ್ತಿ ಬೀಳುವುದು ಬಹುತೇಕ ಇದರಿಂದಲೇ.

ಹಾಗಿದ್ದರೂ ಯಂತ್ರದ ಬೆಲೆಯನ್ನು ಜಗತ್ತು ಒಪ್ಪಿದೆ. 2009ರಿಂದ ಫಾರ್ಮುಲಾ ಒನ್ ಋತುವಿನ ನಡುವೆ ಟ್ರ್ಯಾಕ್ ಅಭ್ಯಾಸಕ್ಕೆ ಕಡಿವಾಣ ಬಿದ್ದ ಮೇಲೆ ತಂಡಗಳೆಲ್ಲ ಸಿಮ್ಯುಲೇಟರಿಗೆ ಹಣ ಸುರಿದವು. ನಿಸಾನ್ ಮತ್ತು ಸೋನಿ 2008ರಲ್ಲಿ ಶುರುಮಾಡಿದ ‘ಜಿಟಿ ಅಕಾಡೆಮಿ’ಯ ಮೊದಲ ವಿಜೇತ, ಸ್ಪೇನಿನ ಲೂಕಾಸ್ ಒರ್ಡೊನೆಜ್, ಆಟದ ಮನೆಯಿಂದ ಎದ್ದು ಬಂದವರು, 2011ರ ಲೆ ಮಾನ್ 24 ಗಂಟೆ ಓಟದಲ್ಲಿ ತಮ್ಮ ವರ್ಗದಲ್ಲಿ ಎರಡನೆಯವರಾದರು.

ನಮ್ಮ ನೆಲಕ್ಕೆ ಹತ್ತಿರವಾದದ್ದು ಟ್ರ್ಯಾಕಿಗಿಂತ ರ‍್ಯಾಲಿ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುರಸ್ತೆಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳೇ ನಡೆದಿವೆ. ಆ ಬಗೆಯ ನೆಲವನ್ನು ನಂಬುವಂತೆ ತೋರಿಸಿದ್ದು 2004ರ ‘ರಿಚರ್ಡ್ ಬರ್ನ್ಸ್ ರ‍್ಯಾಲಿ’. ಇಪ್ಪತ್ತು ವರ್ಷ ದಾಟಿದರೂ ಅಭಿಮಾನಿಗಳು ಅದರ ಒಳಗಣಿತವನ್ನು ತಾವೇ ತಿದ್ದುತ್ತ, ಹೊಸ ರಸ್ತೆ ಸೇರಿಸುತ್ತ ಜೀವಂತ ಇಟ್ಟಿದ್ದಾರೆ. ಚಂದ ಕಾಣುವ ಎಷ್ಟೋ ಹೊಸ ಆಟಗಳು ಜಲ್ಲಿಯ ಮೇಲೆ ಕಾರಿನ ಭಾರ ತೂಗಾಡುವುದನ್ನು ಅದರಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಮಲೆನಾಡಿನ ಹುಡುಗರಲ್ಲಿ ಹೆಚ್ಚಿನವರ ಸಿಮ್ಯುಲೇಟರ್ ಮಾತ್ರ ಮೊಬೈಲು. ಇಂಡೋನೇಷ್ಯಾದಲ್ಲಿ 2017ರಲ್ಲಿ ಹುಟ್ಟಿದ ಬಸ್ ಆಟಕ್ಕೆ ಕೆಎಸ್‌ಆರ್‌ಟಿಸಿಯ ಕೆಂಪು ಬಣ್ಣ ತೊಡಿಸಿ ಓಡಿಸುತ್ತಾರೆ. ಅದರಲ್ಲಿ ಭಾರವಿಲ್ಲ, ಟೈರಿಲ್ಲ. ಆದರೆ ಉದ್ದ ಗಾಡಿಯ ಹಿಂದಿನ ಚಕ್ರ ತಿರುವಿನಲ್ಲಿ ಒಳಗೆ ಕೊಯ್ದುಕೊಂಡು ಬರುತ್ತದೆ ಎಂಬುದನ್ನು ಅದು ಚೆನ್ನಾಗಿ ಕಲಿಸುತ್ತದೆ. ಆಗುಂಬೆಯಲ್ಲಿ ಭಾರಿ ವಾಹನಕ್ಕೆ ಯಾಕೆ ತಡೆ ಎಂದು ಹತ್ತು ವರ್ಷದ ಹುಡುಗನೊಬ್ಬ ಬೆರಳಲ್ಲಿ ಬಸ್ಸು ತಿರುಗಿಸಿ ನನಗೆ ತೋರಿಸಿದ್ದಾನೆ.

ಮಳೆ ಈ ಕ್ಷೇತ್ರಕ್ಕೆ ತಡವಾಗಿ ಬಂತು. ಟ್ರ್ಯಾಕುಗಳನ್ನು ಲೇಸರಿನಿಂದ ಅಳೆದು ಉಬ್ಬುತಗ್ಗು ಸಮೇತ ಕಟ್ಟುವ ಐರೇಸಿಂಗ್ ಶುರುವಾದದ್ದು 2008ರಲ್ಲಿ. ಅದರಲ್ಲಿ ಮಳೆ ಸುರಿದದ್ದು 2024ರಲ್ಲಿ. ತಗ್ಗಿನಲ್ಲಿ ನೀರು ನಿಲ್ಲುವುದು, ಕಾರು ಓಡಿದ ಜಾಡು ಮೊದಲು ಆರುವುದು, ಎಲ್ಲ ಇದೆ. ನಮ್ಮ ರಸ್ತೆಯ ಪಾಚಿ, ಕೊಳೆತ ಎಲೆ, ಧರೆಯಿಂದ ಹರಿದು ಬಂದ ಕೆಸರು ಇಲ್ಲ.

ಕಳೆದ ಬೇಸಿಗೆಯಲ್ಲಿ ಲೈಸೆನ್ಸ್ ಸಿಕ್ಕ ಮೇಲೆ ಅಕ್ಕನ ಮಗನನ್ನು ಮೇಗರವಳ್ಳಿ ಕಡೆಯ ಒಂದು ಖಾಲಿ ಗದ್ದೆಗೆ ಕರೆದೊಯ್ದೆ. ಹಿಂದಿನ ರಾತ್ರಿ ಮಳೆ ಬಿದ್ದು ಮೇಲ್ಮಣ್ಣು ನೆನೆದಿತ್ತು. ಕಾರಿನ ಹಿಂಭಾಗ ಜಾರಿದಾಗ ಅವನ ಕೈ ನನಗಿಂತ ಚುರುಕಾಗಿ ಎದುರು ತಿರುಗಿತು, ಬೇಕಾದಷ್ಟೇ ತಿರುಗಿತು. ಆದರೆ ಪ್ರತಿ ಸಲವೂ ತುಸು ತಡ. ನಾಲ್ಕನೇ ಸಲ ಅವನೇ ಗಾಡಿ ನಿಲ್ಲಿಸಿದ. “ಮಾವ, ಕಣ್ಣಿಗೆ ಕಾಣೋ ಮೊದ್ಲೇ ಸೀಟು ಹೇಳ್ತದೆ ಅಲ್ವಾ?” ಎಂದ. ಹೌದು ಎಂದೆ. ಸಂಜೆ ಕತ್ತಲಾಗುವವರೆಗೂ ಅವನು ಆ ಗದ್ದೆಯಲ್ಲಿ ಸುತ್ತು ಹಾಕುತ್ತಲೇ ಇದ್ದ.