ಗೇರುಸೊಪ್ಪೆ ಘಟ್ಟದ ದಾರಿ: ತಂಗುದಾಣಗಳ ಚಾರಿತ್ರಿಕ ಮಹತ್ವ

ಕರಾವಳಿಯ ಬಂದರುಗಳನ್ನೂ ಘಟ್ಟದ ಮೇಲಿನ ಪಟ್ಟಣಗಳನ್ನೂ ಜೋಡಿಸುತ್ತಿದ್ದ ದಾರಿಗಳನ್ನು ಕುರಿತು ಹೇಳುವಾಗ ಅವುಗಳ ಆರಂಭ ಮತ್ತು ಕೊನೆ, ಸಾಗುತ್ತಿದ್ದ ಸರಕು, ವಸೂಲಾಗುತ್ತಿದ್ದ ಸುಂಕ ಇವೇ ಸಾಮಾನ್ಯವಾಗಿ ಮುನ್ನೆಲೆಗೆ ಬರುತ್ತವೆ. ಪಯಣಿಗರು ನಡುವೆ ಎಲ್ಲಿ, ಯಾವ ಕಾರಣಕ್ಕೆ ನಿಲ್ಲುತ್ತಿದ್ದರು ಎಂಬುದು ಹಿನ್ನೆಲೆಗೆ ಸರಿಯುತ್ತದೆ. ಆದರೆ ಘಟ್ಟದ ದಾರಿಯ ಇತಿಹಾಸಕ್ಕೆ ದೊರೆಯುವ ಅಮೂಲ್ಯ ಆಕರಗಳು ಹುಟ್ಟಿದ್ದು ಇಂಥ ನಿಲುಗಡೆಗಳಲ್ಲಿಯೇ. ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟವೇರುವ ದಾರಿ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಶರಾವತಿ ನದಿಯು ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಲ್ಲಿಂದ ಸುಮಾರು ೩೦ ಕಿಲೋಮೀಟರ್ ಒಳಗಿರುವ ಗೇರುಸೊಪ್ಪೆಯವರೆಗೆ ದೋಣಿಗಳು ಬರುತ್ತಿದ್ದವು. ಮುಂದೆ ಬೆಟ್ಟ ಎದುರಾಗುವುದರಿಂದ ಸರಕನ್ನು ದೋಣಿಯಿಂದಿಳಿಸಿ ಎತ್ತಿನ ಬೆನ್ನಿಗೋ ಆಳಿನ ತಲೆಗೋ ಏರಿಸಬೇಕಾಗಿತ್ತು. ಹೀಗೆ ಜಲಮಾರ್ಗ ಮುಗಿದು ನೆಲಮಾರ್ಗ ತೊಡಗುವ ಈ ಅನಿವಾರ್ಯ ನಿಲುಗಡೆಯೇ ಗೇರುಸೊಪ್ಪೆಯ ಏಳಿಗೆಗೆ ಒಂದು ಮುಖ್ಯ ಕಾರಣವೆನ್ನಬಹುದು. ೧೬ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದೇ ಕರೆದರು. ೧೭ನೆಯ ಶತಮಾನದ ಆರಂಭದಲ್ಲಿ ಈ ರಾಜ್ಯವು ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. ಕಾಡಿನ ನಡುವೆ ಉಳಿದಿರುವ ಚತುರ್ಮುಖ ಬಸದಿಯು ಆ ನಗರದ ಹಿಂದಿನ ವೈಭವವನ್ನು ಸೂಚಿಸುತ್ತದೆ.

ನಗರವು ಪಾಳುಬಿದ್ದ ಕೆಲವೇ ವರ್ಷಗಳಲ್ಲಿ, ಅಂದರೆ ೧೬೨೩ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಈ ದಾರಿಯಲ್ಲಿ ಸಾಗಿದನು. ಗೋವೆಯಿಂದ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಅವನು ಹೊನ್ನಾವರಕ್ಕೆ ಬಂದು, ನದಿಯ ಮೂಲಕ ಗೇರುಸೊಪ್ಪೆಯನ್ನು ತಲುಪಿ, ಅಲ್ಲಿಂದ ಘಟ್ಟವನ್ನೇರಿ ಇಕ್ಕೇರಿಗೆ ಹೋದನು. ನೇಪಲ್ಸ್‌ನಲ್ಲಿದ್ದ ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಪಯಣದ ವಿವರಗಳಿವೆ. ಹಾದಿಯಲ್ಲಿ ಹೊರೆಗಳನ್ನು ಸಜ್ಜುಗೊಳಿಸುವವರೆಗೆ ತಂಡವು ಕಾಯಬೇಕಾಯಿತು. ಆ ಬಿಡುವಿನಲ್ಲಿ ಅವನು ಒಂದು ದೇಗುಲದ ಜಗುಲಿಯಲ್ಲಿ ಕುಳಿತು ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಗಮನಿಸಿದನು. ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಒಬ್ಬನು ರಾಗವಾಗಿ ಹೇಳಿದ ಪಾಠವನ್ನು ಉಳಿದವರು ಅದೇ ರಾಗದಲ್ಲಿ ಹೇಳುತ್ತ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತಿದ್ದರು. ನೆಲ ತುಂಬಿದೊಡನೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಗುರುಗಳಿಲ್ಲದಿರುವಾಗ ತಪ್ಪಿದರೆ ತಿದ್ದುವವರಾರು ಎಂದು ಕೇಳಿದಾಗ, ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವೆಂಬ ಉತ್ತರ ಬಂದಿತು.

೧೭ನೆಯ ಶತಮಾನದ ಕನ್ನಡ ನಾಡಿನಲ್ಲಿ ಎಳೆಯರಿಗೆ ಲೆಕ್ಕ ಕಲಿಸುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬರೆದ ದಾಖಲೆಗಳು ವಿರಳ. ಈ ದಾಖಲೆಯು ದೊರೆತದ್ದು ಆಸ್ಥಾನದಲ್ಲಲ್ಲ, ಹೊರೆ ಸಜ್ಜಾಗದೆ ಪಯಣ ತಡವಾದ ಘಟ್ಟದ ಹಾದಿಯಲ್ಲಿ ಎಂಬುದು ಗಮನಾರ್ಹ. ದಾರಿಬದಿಯ ದೇಗುಲವು ಪೂಜಾಸ್ಥಳವಾಗಿರುವುದರ ಜೊತೆಗೆ ಪಯಣಿಗರ ತಂಗುದಾಣವೂ ಮಕ್ಕಳ ಪಾಠಶಾಲೆಯೂ ಆಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

೧೮೦೧ರಲ್ಲಿ ಕೆನರಾ ಕರಾವಳಿಯಲ್ಲಿ ಸಂಚರಿಸಿ ಸೋದೆ, ಬನವಾಸಿಗಳ ಕಡೆಗೆ ಘಟ್ಟವೇರಿದ ಫ್ರಾನ್ಸಿಸ್ ಬುಕಾನನ್ನನ ಗ್ರಂಥವೂ (೧೮೦೭) ದಿನದಿನದ ಬಿಡಾರಗಳನ್ನು ಅನುಸರಿಸಿಯೇ ರಚಿತವಾಗಿದೆ. ಬೆಳೆ, ಭೂ ಹಿಡುವಳಿ, ಕಂದಾಯಗಳ ವಿವರವನ್ನು ಅವನು ತಂಗಿದೆಡೆಗಳಲ್ಲಿ ಜನರನ್ನು ಕೇಳಿ ಸಂಗ್ರಹಿಸಿದನು. ಆ ಕಾಲದಲ್ಲಿ ಉಪ್ಪು, ತೆಂಗಿನಕಾಯಿ, ಒಣಮೀನು ಮೇಲಕ್ಕೂ ಅಡಕೆ, ಮೆಣಸು, ಹತ್ತಿ ಕೆಳಕ್ಕೂ ಸಾಗುತ್ತಿದ್ದುದು ಹೇರೆತ್ತುಗಳ ಮೇಲೆ. ಎತ್ತುಗಳಿಗೆ ನೀರು ಮೇವು, ಹೇರು ಇಳಿಸಲು ಸಮತಟ್ಟಾದ ನೆಲ, ನೆರಳು ಇರುವೆಡೆಯಲ್ಲಿಯೇ ತಂಗಬೇಕಾಗಿತ್ತು. ಸುಂಕದ ಕಟ್ಟೆ, ಅರವಟ್ಟಿಗೆ, ಛತ್ರಗಳೂ ಇಂಥ ನೆಲೆಗಳನ್ನೇ ಆಶ್ರಯಿಸಿದವು.

೧೮೬೨ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಅಮೆರಿಕದ ಅಂತರ್ಯುದ್ಧದಿಂದ (೧೮೬೧-೬೫) ಹತ್ತಿಗೆ ಬೇಡಿಕೆ ಹೆಚ್ಚಿದ್ದ ಆ ಕಾಲದಲ್ಲಿ ಧಾರವಾಡದ ಹತ್ತಿಯನ್ನು ಕುಮಟಾ, ಕಾರವಾರ ಬಂದರುಗಳಿಗೆ ಇಳಿಸಲು ದೇವಿಮನೆ, ಅರಬೈಲು ಘಟ್ಟಗಳ ಗಾಡಿರಸ್ತೆಗಳು ಮುಖ್ಯವಾದವು. ಅಧಿಕಾರಿಗಳಿಗಾಗಿ ಪ್ರವಾಸಿ ಬಂಗಲೆಗಳು ಎದ್ದವು. ಜೋಗದ ಮುಂಬಯಿ ಬಂಗಲೆ, ಮೈಸೂರು ಬಂಗಲೆಗಳು ನೋಟಕ್ಕಾಗಿಯೇ ನಿಲ್ಲುವ ಹೊಸ ರೂಢಿಯ ಗುರುತುಗಳಾಗಿವೆ. ನೀರು, ನೆರಳುಗಳಿಗಾಗಿ ನಿಲ್ಲುತ್ತಿದ್ದವರ ದಾರಿಯಲ್ಲಿ ಪ್ರಕೃತಿಯ ಸೊಬಗಿಗಾಗಿ ನಿಲ್ಲುವವರು ಬಂದರು. ಮೋಟಾರು ವಾಹನಗಳು ಬಂದ ಮೇಲೆ ಒಂದೆರಡು ದಿನಗಳ ಏರುದಾರಿ ಗಂಟೆಗಳಿಗೆ ಇಳಿದು, ಹಳೆಯ ತಂಗುದಾಣಗಳ ಅಗತ್ಯವೇ ಇಲ್ಲವಾಯಿತು.

ಆದರೂ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಮುಗಿದುಹೋದ ಸಂಗತಿಯಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ರ ಮೇಲೆ ಗುಡ್ಡ ಕುಸಿದು, ದಾರಿಬದಿಯ ಚಹಾದಂಗಡಿಯೂ ಅಲ್ಲಿದ್ದ ವಾಹನಗಳೂ ಮಣ್ಣಿನೊಡನೆ ಗಂಗಾವಳಿ ನದಿಗೆ ಸೇರಿದವು. ಹಲವರು ಪ್ರಾಣ ಕಳೆದುಕೊಂಡರು. ಗುಡ್ಡ, ನೀರು, ಮಳೆಗಾಲಗಳ ಸ್ವಭಾವವನ್ನು ಅರಿತು ನೆಲೆಯನ್ನು ಆರಿಸಿಕೊಳ್ಳುವ ವಿವೇಕ ಇಂದಿಗೂ ಅಗತ್ಯವೆಂಬುದನ್ನು ಈ ದುರಂತ ನೆನಪಿಸುತ್ತದೆ.

ಕೋಟೆ, ಬಸದಿ, ಶಾಸನಗಳನ್ನು ದಾಖಲಿಸಿದಂತೆಯೇ ಘಟ್ಟದ ದಾರಿಗಳ ಕಟ್ಟೆ, ಬಾವಿ, ಅರವಟ್ಟಿಗೆ, ದೇಗುಲದ ಜಗುಲಿಗಳನ್ನೂ ಸ್ಥಳನಾಮಗಳ ಸಮೇತ ದಾಖಲಿಸುವುದು ಅವಶ್ಯ. ರಸ್ತೆಯ ಅಗಲೀಕರಣದಲ್ಲಿ ಮೊದಲು ಅಳಿಯುವುದು ರಸ್ತೆಯಂಚಿನ ಇವೇ ಕುರುಹುಗಳು. ಮರಳಿನ ಮೇಲೆ ಬರೆದ ಅಂಕಿಗಳು ಅಂದೇ ಅಳಿದುಹೋದವು. ನಿಂತು ನೋಡಿದವನೊಬ್ಬನು ಬರೆದಿಟ್ಟುದರಿಂದ ಮಾತ್ರ ಆ ಪಾಠವು ಇತಿಹಾಸದಲ್ಲಿ ಉಳಿದಿದೆ.